ಪ್ರತಿಸ್ಪರ್ಧಿಗಳ ನಡುವೆ ಸೈಬರ್ ಭದ್ರತೆಯ ಸಹಯೋಗ: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಒಂದೇ ಪ್ರದೇಶದ ಸಣ್ಣ ಉದ್ದಿಮೆಗಳು ಸೇರಿ ಸೈಬರ್ ಭದ್ರತೆಗೆ ಹೊಸ ಪರಿಹಾರಗಳನ್ನು ರೂಪಿಸಲು ಹೊರಟರೆ, ಪರಸ್ಪರ ಪೈಪೋಟಿಯಲ್ಲಿರುವವರು ತಮ್ಮ ಮೇಲಾದ ದಾಳಿಯ ವಿವರಗಳನ್ನು ಹಂಚಿಕೊಂಡಾರೆಯೇ ಎಂದು ತಾವು ಕೇಳಿದ್ದೀರಿ. ಹಂಚಿಕೊಳ್ಳುತ್ತಾರೆ, ಆದರೆ ಹಂಚಿಕೆಯ ನಿಯಮಗಳು ಮೊದಲೇ ಲಿಖಿತವಾಗಿರಬೇಕು. ಅಮೆರಿಕದಲ್ಲಿ 1998ರ ಅಧ್ಯಕ್ಷೀಯ ನಿರ್ದೇಶನವೊಂದು ಮಾಹಿತಿ ಹಂಚಿಕೆ ಕೇಂದ್ರಗಳಿಗೆ ಉತ್ತೇಜನ ನೀಡಿದ ಮರುವರ್ಷವೇ ಹಣಕಾಸು ಸಂಸ್ಥೆಗಳು ಅಂಥದೊಂದು ಕೇಂದ್ರವನ್ನು ಕಟ್ಟಿಕೊಂಡವು. ವ್ಯಾಪಾರದಲ್ಲಿ ಎದುರಾಳಿಗಳಾದ ಬ್ಯಾಂಕುಗಳು ಇಂದಿಗೂ ಅಲ್ಲಿ ಒಟ್ಟಿಗೆ ಕುಳಿತು ಕೆಲಸ ಮಾಡುತ್ತಿವೆ.

ಮಾಹಿತಿಯನ್ನು ಯಾರವರೆಗೆ ಹಂಚಬಹುದೆಂದು ಬಣ್ಣಗಳಿಂದ ಗುರುತಿಸುವ ಟ್ರಾಫಿಕ್ ಲೈಟ್ ಪ್ರೋಟೋಕಾಲ್‌ ಎಂಬ ನಿಯಮಾವಳಿಯಿಂದ ತಾವು ಆರಂಭಿಸಬಹುದು. ಅದರಲ್ಲಿ ಕೆಂಪು ಗುರುತಿನ ಮಾಹಿತಿಯು ಅದನ್ನು ಪಡೆದ ವ್ಯಕ್ತಿಯನ್ನು ದಾಟುವಂತಿಲ್ಲ, ಹಸಿರು ಗುರುತಿನದು ಸಮುದಾಯದೊಳಗೆ ಹರಡಬಹುದು. ದಾಳಿಗಳ ತಾಂತ್ರಿಕ ಸುಳಿವುಗಳ ವಿನಿಮಯಕ್ಕೆ ಎಂಐಎಸ್‌ಪಿ ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಆದರೆ ಮಾಹಿತಿ ಹಂಚಿಕೆಯಷ್ಟರಿಂದಲೇ ನಾವೀನ್ಯ ಹುಟ್ಟುವುದಿಲ್ಲ, ಮತ್ತು ಬಹಳಷ್ಟು ಕೂಟಗಳು ಇಲ್ಲಿಯೇ ಸೊರಗುತ್ತವೆ ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ, ಕಾರ್ಖಾನೆಯ ಹಳೆಯ ನಿಯಂತ್ರಣ ಯಂತ್ರಗಳನ್ನು ಸುಲಭವಾಗಿ ನಿಲ್ಲಿಸಲಾಗದು, ಅವುಗಳ ತಂತ್ರಾಂಶವನ್ನು ಬೇಕೆಂದಾಗ ನವೀಕರಿಸಲೂ ಆಗದು. ಇಂಥ ನೈಜ ಸಮಸ್ಯೆಯನ್ನು ಬಿಡಿಸಬಲ್ಲ ನವೋದ್ಯಮಕ್ಕೆ ಬಂಡವಾಳಕ್ಕಿಂತಲೂ ಮೊದಲು ಬೇಕಾದದ್ದು ಪ್ರಯೋಗಿಸಿ ನೋಡಲು ಒಂದು ಸ್ಥಳ ಮತ್ತು ಮೊದಲ ಗ್ರಾಹಕ. ಆದ್ದರಿಂದ ಸದಸ್ಯರು ಬಳಕೆಯಿಂದ ತೆಗೆದ ಯಂತ್ರಗಳನ್ನು ಸಮೀಪದ ಎಂಜಿನಿಯರಿಂಗ್ ಕಾಲೇಜಿಗೆ ಒದಗಿಸಿ, ಅಲ್ಲಿ ಸಾಮೂಹಿಕ ಪರೀಕ್ಷಾ ಪ್ರಯೋಗಾಲಯವೊಂದನ್ನು ತೆರೆಯುವುದು ಒಳಿತು. ಅಲ್ಲಿ ರೂಪುಗೊಂಡದ್ದರ ಬೌದ್ಧಿಕ ಸ್ವಾಮ್ಯ ಯಾರದೆಂಬುದನ್ನು ಕೆಲಸಕ್ಕೆ ಕೈಹಾಕುವ ಮುನ್ನವೇ ಒಪ್ಪಂದದಲ್ಲಿ ಬರೆದುಕೊಳ್ಳಿ.