ಹೊರಡೋ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರುತ್ತೆ ಅಂದ ಹುಡುಗ

ಈ ಥರದ ಕೇಸು ನಾಲ್ಕೈದು ವರ್ಷದಿಂದ ಪದೇ ಪದೇ ಬರ್ತಿದೆ, ಅದಕ್ಕೇ ಬರೀತಿದೀನಿ. ವರ್ಕ್ ಫ್ರಮ್ ಹೋಮ್ ಬಂದ ಮೇಲೆ ರೂಮ್ ಖಾಲಿ ಮಾಡಿ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಹೊರಟ ಮಕ್ಕಳು, ಅವರ ಚಿಂತೇಲಿ ಮನಸ್ಸಿನ ಸಮಸ್ಯೆ ನೋಡೋ ನನ್ನ ಹತ್ರ ಬರೋ ಅಪ್ಪ ಅಮ್ಮ. ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ, ಅವನ ಒಪ್ಪಿಗೇನೂ ತಗೊಂಡಿದೀನಿ.

ಹುಡುಗನಿಗೆ 31. ಸಾಫ್ಟ್‌ವೇರ್ ಕೆಲಸ, ಮೂರು ವರ್ಷದಿಂದ ಬಾಡಿಗೆ ಮನೆ ಅಂತ ಇಲ್ಲ, ಬೈಕಲ್ಲೇ ಗೋಕರ್ಣ, ಕೇರಳದ ವರ್ಕಲಾ, ಹಿಮಾಚಲದ ಬೀರ್, ಸ್ಪಿತಿ. ಅಪ್ಪ ಬ್ಯಾಂಕಲ್ಲಿದ್ದು ರಿಟೈರ್ ಆದವರು. "ಒಂದು ಮದುವೆ ಮಾಡಿದ್ರೆ ಒಂದು ಕಡೆ ನಿಲ್ತಾನೆ ಮೇಡಂ, ನಿಮ್ಮ ಬಾಯಲ್ಲಿ ಒಂದು ಮಾತು ಹೇಳಿ" ಅಂದ್ರು. ಹೇಳಲ್ಲ ಅಂದೆ. ದುಡೀತಾನೆ, ಸಾಲ ಇಲ್ಲ, ಚಟ ಇಲ್ಲ, ತಿರುಗೋದನ್ನೇ ಕಾಯಿಲೆ ಅನ್ನೋಕೆ ನಾನು ತಯಾರಿಲ್ಲ. ಇನ್ನು ಮದುವೇನ ಔಷಧಿ ಥರ ಕೊಡೋದಂತೂ ಬರೋ ಹುಡುಗಿಗೆ ಮಾಡೋ ಅನ್ಯಾಯ.

ಮೂರನೇ ಸಲ ಒಬ್ಬನೇ ಬಂದಿದ್ದ. ನಿದ್ದೆ ಹೇಗಿದೆ ಅಂತ ಕೇಳ್ದೆ, ನಾವು ಎಲ್ಲರಿಗೂ ಕೇಳೋ ಪ್ರಶ್ನೆನೇ. ಸ್ವಲ್ಪ ಹೊತ್ತು ಸುಮ್ನಿದ್ದು, "ಹೊರಡೋ ಹಿಂದಿನ ರಾತ್ರಿ ಮಾತ್ರ ಚೆನ್ನಾಗಿ ಬರುತ್ತೆ ಮೇಡಂ" ಅಂದ.

ಉಳಿದ ದಿನ?

"ಮೊದಲೆರಡು ವಾರ ಪರವಾಗಿಲ್ಲ. ಆಮೇಲೆ ಯಾರಾದ್ರೂ ಹೆಸರು ಹಿಡಿದು ಕರೆಯೋಕೆ ಶುರು ಮಾಡ್ತಾರೆ."

ಸ್ಪಿತೀಲಿ ಒಂದು ಹೋಮ್‌ಸ್ಟೇ, ಅಲ್ಲಿ ಚಹಾಕ್ಕೆ ಉಪ್ಪು ಹಾಕ್ತಾರೆ, ಆ ಮನೆ ಆಂಟಿ ಇವನಿಗೆ ಅಂತ ಉಪ್ಪು ಕಮ್ಮಿ ಮಾಡಿ ತೆಗೆದಿಡೋರಂತೆ, ಮಗಳ ಮದುವೆಗೆ ಇರಲೇಬೇಕು ಅಂದ್ರಂತೆ. ಮಾರನೇ ದಿನಾನೇ, ಸ್ಪಿತಿಯಿಂದ ಹೊರಬರೋ ಬೆಟ್ಟದ ದಾರಿ ಕುಂಜುಮ್ ಪಾಸ್ ಮುಚ್ಚಿಬಿಡುತ್ತೆ ಅಂತ ಹೇಳಿ ಹೊರಟುಬಿಟ್ಟಿದಾನೆ. ಆ ಪಾಸ್ 4,551 ಮೀಟರ್ ಎತ್ತರ, ಹಿಮ ಬಿದ್ದು ಮುಚ್ಚೋದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೋ ನವೆಂಬರಿಗೋ. ಇವನು ಹೊರಟಿದ್ದು ಆಗಸ್ಟಲ್ಲಿ. "ಅವರಿಗೆ ಗೊತ್ತಿರಲ್ವಾ ಮೇಡಂ, ಅಲ್ಲೇ ಹುಟ್ಟಿದವರು" ಅಂತ ಹೇಳ್ತಾ ಹೇಳ್ತಾ ಅತ್ತುಬಿಟ್ಟ.

ಚಿಕ್ಕಂದಿನದು ಕೇಳಿದ್ರೆ ಅಪ್ಪನ ಟ್ರಾನ್ಸ್‌ಫರ್ ಜೊತೆ ಎಸ್ಸೆಸ್ಸೆಲ್ಸಿ ಒಳಗೆ ಐದು ಸ್ಕೂಲು. ಯಾರದೂ ತಪ್ಪಲ್ಲ, ನೌಕರಿ ಅಂದ್ರೆ ಹಾಗೇನೇ. ಆದ್ರೆ ಮನಸ್ಸು ಹತ್ತೋದ್ರೊಳಗೆ ಗಂಟು ಕಟ್ಟೋದನ್ನ ಅವನು ಅಲ್ಲೇ ಕಲ್ತಿದಾನೆ.

ನಾನು ಸವದತ್ತಿ ಕಡೆಯವಳು. ಸುಗ್ಗಿ ಮುಗಿದ ಮೇಲೆ ಕುರುಬರು ಹೆಂಡತಿ, ಮಕ್ಕಳು, ನಾಯಿ, ಸಾಮಾನು ಹೊತ್ತ ಕುದುರೆ ಸಮೇತ ಕುರಿ ಹೊಡ್ಕೊಂಡು ಬರೋರು, ಗೊಬ್ಬರಕ್ಕೆ ಅಂತ ನಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸೋರು, ಅಪ್ಪ ಕಾಳೋ ದುಡ್ಡೋ ಕೊಡೋರು. ವರ್ಷದಲ್ಲಿ ಎಷ್ಟೋ ತಿಂಗಳು ಮನೆ ಬಿಟ್ಟಿರೋ ಜನ, ಆದ್ರೆ ಪ್ರತಿ ವರ್ಷ ಅದೇ ಹೊಲ, ಅದೇ ಬಾವಿ, ನನ್ನ ಹೆಸರೂ ಅವರಿಗೆ ನೆನಪಿರೋದು. ಅಲೆಮಾರಿ ಬದುಕು ಅಂದ್ರೆ ಯಾರ ಹಂಗೂ ಇಲ್ದೆ ಒಬ್ಬನೇ ಇರೋದು ಅಂತ ಈಗಿನವರು ಅಂದ್ಕೊಂಡಿದಾರಲ್ಲ, ನಾನು ಕಣ್ಣಾರೆ ಕಂಡಿದ್ದು ಅದಲ್ಲ.

ಅದಕ್ಕೇ ತಿರುಗೋದು ನಿಲ್ಲಿಸಿ ಅಂತ ನಾನು ಹೇಳ್ಲಿಲ್ಲ. "ಒಂದು ವರ್ಷ ಹೊಸ ಊರು ಬೇಡ, ಹೋದ ಊರಿಗೇ ಮತ್ತೆ ಹೋಗಿ, ಸುಳ್ಳು ಹೇಳಿ ಬಿಟ್ಟು ಬಂದ ಮನೆಗೇ ಮೊದಲು" ಅಂದೆ. ಎಲ್ಲಿದೀರಿ ಅಂತ ಒಬ್ಬರಿಗಾದ್ರೂ ದಿನಾ ಒಂದು ಮೆಸೇಜ್. ಹೊರಡ್ಬೇಕು ಅನಿಸಿದ್ರೆ ಮೂರು ದಿನ ತಡೆದು ಆಮೇಲೆ ಹೊರಡೋದು. ರಾತ್ರಿ ತೀರಾ ಕಷ್ಟ ಆದ್ರೆ ಮನಸ್ಸಿನ ಕಷ್ಟ ಹೇಳ್ಕೊಳ್ಳೋ ಸಹಾಯವಾಣಿ ಟೆಲಿ ಮಾನಸ್ 14416, ಸರ್ಕಾರದ್ದೇ, ಕನ್ನಡದಲ್ಲೂ ಮಾತಾಡ್ತಾರೆ, ಯಾವ ಊರಲ್ಲಿದ್ರೂ ದಿನದ 24 ಗಂಟೆ ಫ್ರೀ.

ಅವನ ಅಮ್ಮನಿಗೆ ನನ್ನ ಮೇಲೆ ಸಿಟ್ಟು, ಮಗನ್ನ ಮತ್ತೆ ರೋಡಿಗೇ ಕಳಿಸಿದೆ ಅಂತ. ಆ ಸಿಟ್ಟು ನಂಗೆ ಅರ್ಥ ಆಗುತ್ತೆ. ಆದ್ರೆ ಬಲವಂತವಾಗಿ ಮನೇಲಿ ಕೂರಿಸಿದ್ರೆ ಅವನು ಅಲ್ಲೂ ಮೂರನೇ ವಾರಕ್ಕೆ ಬ್ಯಾಗ್ ತುಂಬ್ತಿದ್ದ, ಇದು ನನ್ನ ಖಚಿತ ಅಭಿಪ್ರಾಯ.

ಜೂನಲ್ಲಿ ಸ್ಪಿತಿಗೆ ಹೋದ. ಆಂಟಿ ಹಳೇದು ಏನೂ ಎತ್ತಲಿಲ್ಲವಂತೆ, ಗಾಡಿಯಿಂದ ಹಿಟ್ಟಿನ ಚೀಲ ಇಳಿಸೋಕೆ ಕರೆದ್ರಂತೆ. ನಾಲ್ಕನೇ ವಾರ ಬೆಳಿಗ್ಗೆ ಐದಕ್ಕೆ ಅವನ ಮೆಸೇಜ್ ಬಂದಿತ್ತು: "ಎರಡು ರಾತ್ರಿಯಿಂದ ನಿದ್ದೆ ಇಲ್ಲ ಮೇಡಂ. ಬ್ಯಾಗ್ ತುಂಬಿಲ್ಲ."