ಲೂಯಿಗಿಗೆ ಅಣ್ಣನ ಮೇಲೆ ಸಿಟ್ಟು ಇದೆಯಾ?

ಪತ್ರ: ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ‘ಅಣ್ಣ ತಮ್ಮ ಅಂದರೆ ವಿಡಿಯೊ ಗೇಮಿನ ಮಾರಿಯೊ, ಲೂಯಿಗಿ ತರ ಒಗ್ಗಟ್ಟಾಗಿರಬೇಕು’ ಅಂತ ಬರೆದಿದ್ದೀರಿ. ಅವರು ಒಗ್ಗಟ್ಟಾಗಿದ್ದಾರೆ ಅಂತ ಯಾರು ಹೇಳಿದ್ದು? ಲೂಯಿಗಿ ಒಳಗೊಳಗೇ ಕುದಿಯುತ್ತಿದ್ದಾನೆ, ಆಟಗಳಲ್ಲೇ ಸಾಕ್ಷಿ ಇದೆ. ಮಿಸ್ಟರ್ ಎಲ್, ಮಾರಿಯೊ ಕಾರ್ಟ್ 8ರ ನೋಟ, ಪವರ್ ಟೆನಿಸ್, ಮಾರಿಯೊ 64ರ ಫಲಕ, ಎಲ್ಲದರ ಮೇಲೂ ಒಂದು ಲೇಖನ ಬರೆದು ಇದರ ಜೊತೆ ಕಳಿಸಿದ್ದೇನೆ. ಅಭಿಮಾನಿಗಳು ಕಟ್ಟುವ ಇಂಥ ಊಹೆಗಳು, ಫ್ಯಾನ್ ಥಿಯರಿಗಳೆಲ್ಲ ಕೆಲಸ ಇಲ್ಲದವರ ಹರಟೆ ಅಂತ ನನ್ನ ಅಣ್ಣ ನಗುತ್ತಾನೆ. ನೀವೇನಂತೀರಿ?
– ಓದುಗರೊಬ್ಬರು, ಕಾಪು

ಉತ್ತರ: ಮಾರಾಯ್ರೇ, ಮೊದಲು ತಪ್ಪೊಪ್ಪಿಗೆ. ಆ ಸಾಲು ಬರೆದದ್ದು ನಾನೇ. ಪುಟದ ಕೆಳಗೆ ಜಾಗ ಉಳಿದಿತ್ತು, ಸುಮ್ನೆ ತುಂಬಿಸಿದೆ. ಇನ್ನೊಂದು ವಿಷಯ: ನಿಮ್ಮ ಮನೆಯಲ್ಲಿ ನೀವು ತಮ್ಮ, ನಮ್ಮ ಮನೆಯಲ್ಲಿ ನಾನು ಅಣ್ಣ. ಈ ಪಂಚಾತಿಕೆಗೆ ನಾವಿಬ್ಬರೂ ಲಾಯಕ್ಕಲ್ಲ.

ತೊಂಬತ್ತರ ದಶಕದಲ್ಲಿ ಉಡುಪಿಯ ನಮ್ಮ ಮನೆಗೂ ಒಂದು ಟಿವಿ ಗೇಮ್ ಬಂದಿತ್ತು. ಕ್ಯಾಸೆಟ್ಟಿಗೆ ಉಫ್ ಉಫ್ ಅಂತ ಊದಿ ಹಾಕುವುದು. ಎರಡು ರಿಮೋಟ್. ಒಂದರಲ್ಲಿ ಸ್ಟಾರ್ಟ್ ಬಟನ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಇದ್ದದ್ದು ಯಾವಾಗಲೂ ನನ್ನ ಕೈಯಲ್ಲಿ. ಆಟ ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ತಮ್ಮ ನನ್ನನ್ನೇ ಕೇಳಬೇಕು. ಅದರ ಮೇಲೆ 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಇಬ್ಬರೂ ಒಟ್ಟಿಗೆ ಆಡುವಂತಿಲ್ಲ. ನನ್ನ ಮಾರಿಯೊ ಸತ್ತರೆ ಮಾತ್ರ ಅವನ ಲೂಯಿಗಿಗೆ ಸರದಿ. ಚಾಪೆಯ ತುದಿಯಲ್ಲಿ ಕೂತು, ನಾನು ಗುಂಡಿಗೆ ಬೀಳುವುದನ್ನೇ ಕಾಯುತ್ತಿದ್ದ ಅವನ ಮುಖ ಈಗಲೂ ಕಣ್ಣಮುಂದಿದೆ. ನಿಮ್ಮ ಥಿಯರಿಯ ಬೀಜ ಅಲ್ಲೇ ಬಿದ್ದಿದೆ, ಅಲ್ವಾ?

ಆದರೆ ಲೂಯಿಗಿ ಹುಟ್ಟಿದ್ದು ಸ್ವಭಾವ ಇಟ್ಟುಕೊಂಡು ಅಲ್ಲ. 1983ರ ಮಾರಿಯೊ ಬ್ರದರ್ಸ್ ಆಟಕ್ಕೆ ಎರಡನೇ ಆಟಗಾರ ಬೇಕಿತ್ತು. ಮೆಮರಿ ಕಡಿಮೆ. ಹಾಗಾಗಿ ಮಾರಿಯೊನ ಚಿತ್ರಕ್ಕೇ ಬೇರೆ ಬಣ್ಣ ಬಳಿದು ತಮ್ಮ ಅಂದುಬಿಟ್ಟರು. 85ರ ಆಟದಲ್ಲಿ ಬೆಂಕಿಯ ಹೂವು ಸಿಕ್ಕಿದರೆ ಆ ವ್ಯತ್ಯಾಸವೂ ಹೋಗುತ್ತದೆ. ಇಬ್ಬರಿಗೂ ಅದೇ ಬಿಳಿ, ಅದೇ ಕೆಂಪು. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಭಾಗದಲ್ಲಿ ಲೂಯಿಗಿ ಅಣ್ಣನಿಗಿಂತ ಎತ್ತರ ಹಾರುತ್ತಾನೆ, ನಿಲ್ಲಲು ಹೋದರೆ ಜಾರುತ್ತಾನೆ. ಅದು ಕಾಲಿನ ಗುಣ, ಮನಸ್ಸಿನದ್ದಲ್ಲ. ಹೆದರುಪುಕ್ಕಲ ಅನ್ನುವ ಹೆಸರು ಗಟ್ಟಿಯಾದದ್ದು 2001ರ ದೆವ್ವದ ಬಂಗಲೆಯ ಆಟ ಲೂಯಿಗೀಸ್ ಮ್ಯಾನ್ಷನ್‌ನಲ್ಲಿ.

ವಾಲಿ ಸುಗ್ರೀವರ ಕಾಳಗ ನೆನಪು ಮಾಡಿಕೊಳ್ಳಿ. ಅಣ್ಣ ತಮ್ಮ ನೋಡಲು ಒಂದೇ. ಯಾರಿಗೆ ಬಾಣ ಬಿಡುವುದು ಅಂತ ರಾಮನಿಗೇ ತಿಳಿಯಲಿಲ್ಲ. ಸುಗ್ರೀವನ ಕೊರಳಿಗೆ ಮಾಲೆ ಹಾಕಿ ಮತ್ತೆ ಕಳಿಸಬೇಕಾಯಿತು. ಲೂಯಿಗಿಯ ಹಸಿರು ಅಂಗಿ ಅಂಥದ್ದೇ ಮಾಲೆ.

ಅದೇ ಪ್ರಸಂಗ ಯಕ್ಷಗಾನದ ತಾಳಮದ್ದಳೆಗೆ ಬಂದಾಗ ಏನಾಗುತ್ತದೆ ನೋಡಿ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತು ಹೇಳುವ ಅರ್ಥಧಾರಿ ಕೂತಲ್ಲೇ ಅರ್ಧ ಗಂಟೆ ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟವನೇ ಈಗ ಉತ್ತರ ಹೇಳಲಿ ಅನ್ನಿಸುತ್ತದೆ. ಆ ವಾದ ಪದ್ಯದಲ್ಲಿ ಅಷ್ಟುದ್ದ ಎಲ್ಲಿದೆ? ಇದನ್ನು ನಮ್ಮ ಕಡೆ ಯಾರೂ ಕೆಲಸ ಇಲ್ಲದವರ ಹರಟೆ ಅನ್ನುವುದಿಲ್ಲ. ಮರುದಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಅದರ ಮೇಲೆ ಇನ್ನೊಂದು ವಾದ ಮಾಡುತ್ತಾರೆ. ನಿಮ್ಮ ಅಣ್ಣನಿಗೆ ಇಷ್ಟು ಹೇಳಿ.

ಆದರೆ ಅರ್ಥ ಎಷ್ಟು ಬೆಳೆದರೂ ಪದ್ಯಕ್ಕೆ ಎದುರು ಹೋಗಬಾರದು. ನಿಮ್ಮ ಸಾಕ್ಷಿಗಳು ಎಡವುವುದು ಇಲ್ಲಿ. 2007ರ ಸೂಪರ್ ಪೇಪರ್ ಮಾರಿಯೊದಲ್ಲಿ ಲೂಯಿಗಿ ‘ಮಿಸ್ಟರ್ ಎಲ್’ ಆಗಿ ಅಣ್ಣನ ಮೇಲೆ ಬೀಳುತ್ತಾನೆ, ನಿಜ. ಆದರೆ ಅವನ ತಲೆ ಕೆಡಿಸಿ ಕಳಿಸಿದವರು ಬೇರೆಯವರು ಅಂತ ಆಟವೇ ಹೇಳುತ್ತದೆ. ಅದನ್ನು ನೀವು ಲೇಖನದಲ್ಲಿ ಮೆಲ್ಲ ನುಂಗಿದ್ದೀರಿ! 2014ರ ಮಾರಿಯೊ ಕಾರ್ಟ್ 8ರ ಆ ದುರುಗುಟ್ಟುವ ನೋಟ? ರೇಸಿನಲ್ಲಿ ಹಿಂದಿಕ್ಕಿದ ಯಾರನ್ನಾದರೂ ಅವನು ಹಾಗೇ ನೋಡುತ್ತಾನೆ. ಅಣ್ಣನಿಗೇ ಅಂತ ಎತ್ತಿಟ್ಟ ಸಿಟ್ಟಲ್ಲ ಅದು.

ಮಾರಿಯೊ ಪವರ್ ಟೆನಿಸ್‌ನ ಸಾಕ್ಷಿ ಮಾತ್ರ ಗಟ್ಟಿ. 2004ರ ಆಟ. ಲೂಯಿಗಿ ಕಪ್ ಗೆದ್ದಿದ್ದಾನೆ. ಪಕ್ಕಕ್ಕೆ ಬಂದ ಮಾರಿಯೊ ಅವನ ಕಾಲನ್ನು ತುಳಿಯುತ್ತಾನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಸರಿಯಾಗಿ ನೋಡಿ, ಇಲ್ಲಿ ಹೊಟ್ಟೆಕಿಚ್ಚು ಯಾರದ್ದು? ಅಣ್ಣನದ್ದು! ತಮ್ಮ ಕುದಿಯುತ್ತಿದ್ದಾನೆ ಅಂತ ತೋರಿಸಲು ಹೊರಟು ನೀವು ಅಣ್ಣನನ್ನು ಹಿಡಿದುಹಾಕಿದ್ದೀರಿ.

ಲೂಯಿಗಿಯ ಪರವಾದ ಪದ್ಯ ಬೇಕಾದರೆ ಆ ಮ್ಯಾನ್ಷನ್‌ಗೇ ವಾಪಸ್ ಹೋಗಿ. ಕೈಯಲ್ಲಿ ದೆವ್ವ ಹೀರುವ ವ್ಯಾಕ್ಯೂಮ್ ಕ್ಲೀನರ್, ಎದುರಿಗೆ ಕತ್ತಲೆ. ಅಣ್ಣ ಕಾಣೆಯಾಗಿದ್ದಾನೆ. ಆ ಆಟದಲ್ಲಿ ಅಣ್ಣನನ್ನು ಕೂಗುವುದಕ್ಕೇ ಬಟನ್ ಇದೆ. ಸುತ್ತ ಮುಟ್ಟುವಂಥದ್ದು ಏನೂ ಇಲ್ಲದಾಗ ಒತ್ತಿದರೆ ‘ಮಾರಿಯೊ’ ಅಂತ ಕರೆಯುತ್ತಾನೆ. ಜೀವ ಕಡಿಮೆಯಾದ ಹಾಗೆ ದನಿ ನಡುಗುತ್ತದೆ. ಕರೆದರೆ ಏನೂ ಲಾಭ ಇಲ್ಲ, ಅಂಕವೂ ಸಿಗುವುದಿಲ್ಲ. ಆದರೂ ಆಡಿದವರೆಲ್ಲ ಒತ್ತುತ್ತಾರೆ.

ಇನ್ನು ಆ ಫಲಕದ ವಿಷಯ. 1996ರ ಸೂಪರ್ ಮಾರಿಯೊ 64ರಲ್ಲಿ ಅಂಗಳದ ಕಾರಂಜಿಯ ಮೇಲಿನ ಮಸುಕಾದ ಬರಹವನ್ನು ‘ಎಲ್ ಈಸ್ ರಿಯಲ್ 2401’ ಅಂತ ಓದಿ, ಲೂಯಿಗಿ ಇಲ್ಲೇ ಅಡಗಿದ್ದಾನೆ ಅಂತ ಜನ ವರ್ಷಗಟ್ಟಲೆ ಹುಡುಕಿದರು. ಆಟದಲ್ಲಿ ಅವನಿರಲಿಲ್ಲ. 2020ರಲ್ಲಿ ಆಟದ ಕಂಪನಿಯಿಂದ ಸೋರಿಹೋದ ಹಳೇ ಫೈಲುಗಳಲ್ಲಿ ಅವನ ಚಿತ್ರದ ತುಂಡುಗಳು ಸಿಕ್ಕವು. ಬರಹವನ್ನು ಓದಿದ್ದು ತಪ್ಪು, ಊಹೆ ಮಾತ್ರ ಪೂರ್ತಿ ಸುಳ್ಳಲ್ಲ. ಇದರ ಮೇಲೆ ನೀವು ಬರೆದ ಎರಡು ಪುಟ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

ಉಳಿದದ್ದನ್ನು ತಿದ್ದಿ ಕಳಿಸಿ, ಮುಂದಿನ ಸಂಚಿಕೆಗೆ ಹಾಕುತ್ತೇನೆ. ಮಿಸ್ಟರ್ ಎಲ್ ಭಾಗ ತೆಗೆಯಿರಿ, ಕಾಲು ತುಳಿದದ್ದನ್ನು ಮೊದಲಿಗೆ ತನ್ನಿ. ಎದುರು ಅರ್ಥ ಹೇಳಲು ಒಬ್ಬರು ಬೇಕಲ್ಲ, ಅರ್ಧ ಪುಟ ನಿಮ್ಮ ಅಣ್ಣನ ಕೈಯಿಂದಲೇ ಬರೆಸಿ. ಅವರು ಒಪ್ಪದಿದ್ದರೆ ಮನೆಯಲ್ಲಿ ಸ್ಟಾರ್ಟ್ ಬಟನ್ ಯಾರ ಕೈಯಲ್ಲಿತ್ತು ಅಂತ ಕೇಳಿ ನೋಡಿ.
– ಸಂಪಾದಕ