ಗದರಿದರೆ ಸಕ್ಕರೆ ಇಳಿಯುತ್ತದೆಯೇ?

ಪತ್ರ: “ಮಧುಮೇಹಿಗಳನ್ನು ಕುಗ್ಗಿಸಿ ಮಾತಾಡುವವರಲ್ಲಿ ವೈದ್ಯರೂ ಇದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಸಾಮಾನ್ಯ ವೈದ್ಯ. ಒಬ್ಬರಿಗೆ ಕೊಡಲು ನನಗೆ ಸಿಗುವುದು ಎಂಟು ನಿಮಿಷ. ಗದರದಿದ್ದರೆ ಇವರು ಪಥ್ಯವನ್ನೂ ಮಾಡುವುದಿಲ್ಲ, ಮಾತ್ರೆಯನ್ನೂ ನುಂಗುವುದಿಲ್ಲ. ಗದರಿದ ಮೇಲೆ ಸಕ್ಕರೆ ಇಳಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಸುಳ್ಳು ಲೆಕ್ಕ ಬರೆದುಕೊಂಡು ಬರುವವರ ಜೊತೆ ನಯವಾಗಿ ಮಾತಾಡಿ ಏನು ಪ್ರಯೋಜನ? ಅಷ್ಟಕ್ಕೂ ಈ ಕಳಂಕ ಎನ್ನುವುದನ್ನು ಅಳೆಯಲಾದರೂ ಬರುತ್ತದೆಯೇ?” — ಓದುಗ ವೈದ್ಯರೊಬ್ಬರು

ಸಂಪಾದಕರ ಉತ್ತರ:

ಮಾನ್ಯ ಡಾಕ್ಟರೇ,

ಸುಳ್ಳು ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ಎಳೆಯೂ ಅಲ್ಲೇ ಸಿಗುತ್ತದೆ.

ಮನೆಯಲ್ಲಿ ಸಕ್ಕರೆ ನೋಡಿಕೊಂಡು ಬರೆದಿಡುವ ಪುಸ್ತಕ ಸುಳ್ಳಾಗಿದ್ದರೆ ತೆರೆದ ಕೂಡಲೇ ಗೊತ್ತಾಗುತ್ತದೆ. ಮೂರು ತಿಂಗಳ ಸಾಲುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದೇ ಸಲ ಕೂತು ಬರೆದಂತಿರುತ್ತವೆ. ಅಂಕಿಗಳು ಸೊನ್ನೆಗೋ ಐದಕ್ಕೋ ಮುಗಿಯುತ್ತವೆ: 110, 125, 130. ಪುಟದ ಮೇಲೆ ಎಲ್ಲೂ ರಕ್ತದ ಚುಕ್ಕೆಯಿಲ್ಲ. ಸರಾಸರಿ ಹಾಕಿದರೆ 125ರ ಆಸುಪಾಸು, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಮಾತ್ರ ಶೇ 9. ಶೇ 9 ಎಂದರೆ ಪ್ರತಿ ಡೆಸಿಲೀಟರಿಗೆ ಸರಾಸರಿ ಸುಮಾರು 212 ಮಿಲಿಗ್ರಾಂ.

ಸುಳ್ಳು ಎನ್ನುವ ಮೊದಲು ಮೂರು ವಿಷಯ ನೋಡಿ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. (ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ, ಈಚೆಗೆ ರಕ್ತ ಏರಿಸಿದ್ದರೆ, ಕಡಿಮೆ ತೋರಬಹುದು.) ಎರಡನೆಯದಾಗಿ, ಆತ ನೋಡಿಕೊಳ್ಳುತ್ತಿರುವುದು ಖಾಲಿ ಹೊಟ್ಟೆಯ ಸಕ್ಕರೆಯನ್ನಷ್ಟೇ ಇರಬಹುದು, ಊಟವಾದ ಎರಡು ಗಂಟೆಗೆ ಏನಾಗುತ್ತಿದೆಯೆಂದು ಅವನಿಗೇ ಗೊತ್ತಿರಲಿಕ್ಕಿಲ್ಲ. ಮೂರನೆಯದು ಸಕ್ಕರೆ ನೋಡುವ ಮೀಟರಿನ ಮೆಮೊರಿ. ಅದನ್ನು ಕಸಿದುಕೊಂಡು ತನಿಖೆ ಮಾಡಬೇಡಿ. “ಇದರಲ್ಲಿರುವುದನ್ನು ಇಬ್ಬರೂ ಸೇರಿ ನೋಡೋಣವೇ?” ಎಂದು ಕೇಳಿದರೆ ಹೆಚ್ಚಿನವರು ತಾವಾಗಿಯೇ ಮುಂದೆ ಚಾಚುತ್ತಾರೆ.

ಇಷ್ಟಾದ ಮೇಲೂ ಲೆಕ್ಕ ಸುಳ್ಳೇ ಎಂದಾದರೆ, ಅದನ್ನು ಬರೆದದ್ದು ಯಾರ ಓದಿಗೆ? ನಿಮ್ಮ ಓದಿಗೆ. ಹೋದ ಸಲ 260 ಕಂಡಾಗ ನೀವು ಆಡಿದ ಮಾತಿಗೆ ಈ ಸಲದ 125 ಉತ್ತರ. ಗದರಿಕೆಯ ಮೇಲೆ ನಮ್ಮ ದೊಡ್ಡ ತಕರಾರು ಇದೇ: ಚಿಕಿತ್ಸೆಗೆ ಬೇಕಾದ ಮಾಹಿತಿ ನಿಮ್ಮ ಮೇಜಿಗೆ ಬರುವುದನ್ನು ಅದು ನಿಲ್ಲಿಸುತ್ತದೆ. ಮುಂದಿನ ಅಪಾಯ ನಿಮಗೆ ಗೊತ್ತಿರುವುದೇ. ಅರ್ಧ ಡೋಸ್ ತಪ್ಪಿಸುತ್ತಿರುವವರಿಗೆ ನೀವು ಡೋಸ್ ಏರಿಸಿ ಬರೆಯುತ್ತೀರಿ. ಹೆದರಿಕೆಯಿಂದ ಒಂದು ವಾರ ಎಲ್ಲವನ್ನೂ ಸರಿಯಾಗಿ ತೆಗೆದುಕೊಂಡರೋ, ನಡುರಾತ್ರಿ ಸಕ್ಕರೆ ಕುಸಿಯುತ್ತದೆ.

ಗದರಿದ ಮೇಲೆ ಇಳಿದದ್ದನ್ನು ಕಂಡಿದ್ದೇನೆ ಎಂದಿದ್ದೀರಿ. ಕಂಡಿರುತ್ತೀರಿ, ಅನುಮಾನವಿಲ್ಲ. ಆದರೆ ನೀವು ಗದರುವುದು ಸಕ್ಕರೆ ತೀರಾ ಏರಿದ ದಿನ. ತೀರಾ ಏರಿದ್ದು ಮುಂದಿನ ಸಲ ಗದರದಿದ್ದರೂ ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಇನ್ನು ಎಚ್‌ಬಿಎ1ಸಿಯ ಅರ್ಧದಷ್ಟು ಪಾಲು ಕೊನೆಯ ಒಂದು ತಿಂಗಳಿನದು. ಅಪಾಯಿಂಟ್‌ಮೆಂಟ್ ಹತ್ತಿರ ಬಂತೆಂದು ನಾಲ್ಕು ವಾರ ಬಾಯಿ ಕಟ್ಟಿದರೂ ಅದು ಕೆಳಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಲೆಕ್ಕದಲ್ಲಿರುವುದು ಗದರಿಸಿಕೊಂಡೂ ಮರಳಿ ಬಂದವರು. ಬಾರದೆ ಹೋದವರ ಎಚ್‌ಬಿಎ1ಸಿ ನಿಮ್ಮ ಬಳಿ ಇಲ್ಲ. ಅವರಲ್ಲಿ ಕೆಲವರು ಕಾಲಿನ ಹುಣ್ಣು ಕಪ್ಪಾದ ಮೇಲೆ ಇನ್ಯಾರದೋ ಬಾಗಿಲಿಗೆ ಹೋಗಿರುತ್ತಾರೆ.

ಕಳಂಕ ಹೆಚ್ಚು ಅನುಭವಿಸಿದವರಲ್ಲಿ ಎಚ್‌ಬಿಎ1ಸಿ ಹೆಚ್ಚು, ಮನಸ್ಸಿನ ಬಳಲಿಕೆಯೂ ಹೆಚ್ಚು ಎಂಬ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇವುಗಳಲ್ಲಿ ಹೆಚ್ಚಿನವು ಎರಡನ್ನೂ ಒಂದೇ ಸಮಯದಲ್ಲಿ ಅಳೆದವು. ಆದ್ದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಅಡಿಗೆರೆ ಹಾಕಿ ಹೇಳಲು ಆಗದು. ಎಷ್ಟು ವ್ಯಾಪಕ ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ. 2024ರಲ್ಲಿ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆಯ ಪ್ರಕಾರ ಮಧುಮೇಹವಿರುವ ವಯಸ್ಕರಲ್ಲಿ ಐವರಲ್ಲಿ ನಾಲ್ವರಿಗೆ ಕಳಂಕದ ಅನುಭವ ಆಗಿದೆ, ಐವರಲ್ಲಿ ಒಬ್ಬರಿಗೆ ನೇರ ತಾರತಮ್ಯ ಆಗಿದೆ. ತಾರತಮ್ಯ ನಡೆದ ಜಾಗಗಳ ಪಟ್ಟಿಯಲ್ಲಿ ಉದ್ಯೋಗ, ಶಿಕ್ಷಣದ ಜೊತೆ ಆರೋಗ್ಯ ಸೇವೆಯೂ ಇದೆ.

ಈಗ ನಿಮ್ಮ ಎಂಟು ನಿಮಿಷ. “ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಎಂದು ಕೇಳಿದರೆ ಬರುವ ಉತ್ತರ ಒಂದೇ: “ಹೂಂ ಡಾಕ್ಟ್ರೇ.” ಪ್ರಶ್ನೆಯನ್ನು ಹೀಗೆ ತಿರುಗಿಸಿ: “ವಾರದಲ್ಲಿ ಒಂದೆರಡು ಸಲ ತಪ್ಪುವುದು ಬಹಳ ಜನಕ್ಕೆ ಆಗುತ್ತೆ. ನಿಮಗೆ ಹೋದ ವಾರ ಎಷ್ಟು ಸಲ ತಪ್ಪಿತು?” ಎಂದು ಕೇಳಿ, ಐದು ಸೆಕೆಂಡು ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ಅಷ್ಟರಲ್ಲಿ ಬಾಯಿ ಹಾಕಿದರೆ ಉತ್ತರ ಗಂಟಲಲ್ಲೇ ಉಳಿಯುತ್ತದೆ. ಸಂಖ್ಯೆ ಬಂದಾಗ “ಯಾಕೆ?” ಎನ್ನುವ ಬದಲು “ಯಾವ ಹೊತ್ತಿನದು?” ಎನ್ನಿ.

ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಚುಚ್ಚಿಕೊಳ್ಳುವ ಪೆನ್ನಿನ ಲೆಕ್ಕವೇ ಅರ್ಧ ಕಥೆ ಹೇಳುತ್ತದೆ. 3 ಮಿ.ಲೀ. ಪೆನ್ನಿನಲ್ಲಿ ಸಾಮಾನ್ಯವಾಗಿ 300 ಯೂನಿಟ್. ದಿನಕ್ಕೆರಡು ಸಲ 10 ಯೂನಿಟ್, ಪ್ರತಿ ಸಲ ಸೂಜಿಯಿಂದ ಗಾಳಿ ತೆಗೆಯಲು 2 ಯೂನಿಟ್: ದಿನಕ್ಕೆ 24. ಪೆನ್ನು ಹನ್ನೆರಡು ಹದಿಮೂರು ದಿನಕ್ಕೆ ಖಾಲಿಯಾಗಬೇಕು. “ಒಂದು ಪೆನ್ನು ತಿಂಗಳಿಗೆ ಹತ್ತಿರ ಬರುತ್ತೆ” ಎಂದರೆ ಅರ್ಧಕ್ಕರ್ಧ ತಪ್ಪುತ್ತಿದೆ. ಯಾವ ಅರ್ಧ? ಅನೇಕರಿಗೆ ಮನೆಯ ಹೊರಗಿರುವ ಹೊತ್ತಿನದು. “ಇಂಜೆಕ್ಷನ್ ಎಲ್ಲಿ ಕೂತು ತಗೋತೀರಿ? ಅಲ್ಲಿರುವವರಿಗೆ ಗೊತ್ತಾ?” ಎಂಬ ಎರಡು ಪ್ರಶ್ನೆಗೆ ಅರ್ಧ ನಿಮಿಷವೂ ಬೇಡ. ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು, ಬೆಳಕಿಲ್ಲದೆ, ಅಂಗಿಯ ಮೇಲಿಂದಲೇ, ಕೈಗೆ ಸಿಕ್ಕ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುವವರಿದ್ದಾರೆ.

ಹೊಟ್ಟೆಯನ್ನು ಬರೀ ಕಣ್ಣಲ್ಲಿ ನೋಡಿ ಬಿಡಬೇಡಿ, ಬೆರಳಿನಿಂದ ಸವರಿ. ಹೊಕ್ಕುಳಿನ ಪಕ್ಕ, ಬಲಗೈಯವರಿಗೆ ಸುಲಭಕ್ಕೆ ಎಟಕುವ ಕಡೆ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದಡಿ ಆದ ರಬ್ಬರಿನಂಥ ಗಂಟು ಸಿಕ್ಕರೆ ಸಕ್ಕರೆಯ ಏರಿಳಿತಕ್ಕೆ ಕಾರಣ ಸಿಕ್ಕಂತೆ. ಆ ಗಂಟಿಗೆ ಹೋದ ಇನ್ಸುಲಿನ್ ಒಂದು ದಿನ ನಿಧಾನ, ಇನ್ನೊಂದು ದಿನ ಬೇಗ ಹೀರಿಕೆಯಾಗುತ್ತದೆ. ಜಾಗ ಬದಲಿಸಲು ಹೇಳಿ. ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಕನಿಷ್ಠ ಒಂದು ಸೆಂಟಿಮೀಟರ್ ಅಂತರವಿರಲಿ. ಜೊತೆಗೇ, ಒಳ್ಳೆಯ ಚರ್ಮಕ್ಕೆ ಬಂದಾಗ ಡೋಸ್ ಕಡಿಮೆ ಸಾಕಾಗಬಹುದೆಂದು ನೆನಪಿಟ್ಟು ಇಳಿಸಿ ಬರೆಯಿರಿ, ಆ ದಿನಗಳಲ್ಲಿ ಹೆಚ್ಚು ಸಲ ಪರೀಕ್ಷಿಸಲು ಹೇಳಿ. ಇದನ್ನು ಮರೆತು ಕಳಿಸಿದರೆ ಹೈಪೊ (ಸಕ್ಕರೆ ತೀರಾ ಕುಸಿಯುವುದು) ಆಗುತ್ತದೆ, ರೋಗಿ ಹಳೆಯ ಗಂಟಿಗೇ ಮರಳುತ್ತಾನೆ.

ಹೈಪೊ ಬಗ್ಗೆಯೂ ಇದೇ ಸಂಕೋಚ. 70ಕ್ಕಿಂತ ಇಳಿದಾಗ ಬೇಗ ಹೀರಿಕೆಯಾಗುವ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಎಂಬುದನ್ನು ಎಲ್ಲರಿಗೂ ಹೇಳಿರುತ್ತೀರಿ. ನಾಲ್ಕು ಜನರ ನಡುವೆ ಕೂತಾಗ ಅದನ್ನು ಬಾಯಿಗೆ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದ್ದೀರಾ? ಆಗದವರು ಒಂದು ಉಪಾಯ ಕಂಡುಕೊಂಡಿರುತ್ತಾರೆ: ಹೊರಗೆ ಹೋಗುವ ದಿನ ಸಕ್ಕರೆಯನ್ನು ಬೇಕೆಂದೇ 200ರ ಮೇಲಿಟ್ಟುಕೊಳ್ಳುವುದು. ನಿಮ್ಮ ಕಣ್ಣಿಗೆ ಅದು ಉಡಾಫೆ. ಕೆಲಸ ಅಥವಾ ಡ್ರೈವಿಂಗ್ ಲೈಸೆನ್ಸ್ ಹೋದೀತೆಂಬ ಭಯದಲ್ಲಿ ಎಚ್ಚರ ತಪ್ಪಿದ್ದನ್ನೂ ಮುಚ್ಚಿಡುವವರಿದ್ದಾರೆ. ಇನ್ಸುಲಿನ್ ಮಾತ್ರವಲ್ಲ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ, ಸಕ್ಕರೆ ಕುಸಿಯುವಂತೆ ಮಾಡಬಲ್ಲ ಮಾತ್ರೆಯವರನ್ನೂ ಕೇಳಿ.

“ಹೀಗೇ ಮಾಡಿದರೆ ಇನ್ಸುಲಿನ್‌ಗೆ ಹಾಕಿಬಿಡ್ತೀನಿ” ಎಂಬ ಮಾತನ್ನಂತೂ ದಯವಿಟ್ಟು ಬಿಡಿ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. 1977ರಲ್ಲಿ ಶುರುವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಒಂದೇ ಚಿಕಿತ್ಸೆಯಲ್ಲಿದ್ದವರ ಪೈಕಿ 9 ವರ್ಷದ ಹೊತ್ತಿಗೆ ಎಚ್‌ಬಿಎ1ಸಿಯನ್ನು ಶೇ 7ರ ಕೆಳಗೆ ಉಳಿಸಿಕೊಂಡವರು ಸುಮಾರು ಕಾಲುಭಾಗ. ಅವರೆಲ್ಲ ವೈದ್ಯರ ಕಣ್ಗಾವಲಿನಲ್ಲಿ ಇದ್ದವರು. ಇಂದು ಬೆದರಿಕೆಗೆ ಬಳಸಿದ ಔಷಧಿಯನ್ನೇ ಐದು ವರ್ಷದ ಮೇಲೆ ನೀವು ಬರೆಯಬೇಕಾಗಬಹುದು. ಆಗ ಅದು ಶಿಕ್ಷೆಯಂತೆ ಕಾಣುತ್ತದೆ, ಬೇಡವೆನ್ನುತ್ತಾರೆ, ಇನ್ನೂ ಒಂದೆರಡು ವರ್ಷ ಕೈಜಾರುತ್ತದೆ. ರೋಗ ಗೊತ್ತಾದ ದಿನವೇ “ಮುಂದೆ ಔಷಧಿ ಬದಲಾಗಬಹುದು, ಇನ್ಸುಲಿನ್ ಬೇಕಾಗಬಹುದು, ಅದು ನಿಮ್ಮ ತಪ್ಪಿನಿಂದ ಅಂತಲ್ಲ” ಎಂದುಬಿಡಿ. ಟೈಪ್ 1 ಇರುವವರಿಗೆ ಸಿಹಿ ತಿಂದು ತಂದುಕೊಂಡೆ ಎಂಬ ಮಾತು ಮೊದಲೇ ಅನ್ವಯಿಸದು. ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶಗಳನ್ನು ಕೊಂದಿರುತ್ತದೆ.

ಕೋಣೆಯ ಹೊರಗಿನದ್ದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಕೌಂಟರಿನಿಂದ ಹೆಸರು ಕೂಗಿ “ಶುಗರ್ 310” ಎಂದು ಎಲ್ಲರೆದುರು ಹೇಳುವುದು, ತೂಕದ ಯಂತ್ರವನ್ನು ಜನ ಕೂರುವಲ್ಲಿ ಇಡುವುದು ಇವತ್ತೇ ನಿಲ್ಲಬಹುದು. ಕೇಸ್ ಫೈಲಿನಲ್ಲಿ “ನಾನ್-ಕಂಪ್ಲಯಂಟ್” (ಹೇಳಿದ್ದು ಪಾಲಿಸದವರು) ಎಂದು ಬರೆದರೆ ಅದನ್ನು ಓದುವ ಮುಂದಿನ ವೈದ್ಯರು ರೋಗಿ ಬಾಯಿ ತೆರೆಯುವ ಮೊದಲೇ ತೀರ್ಮಾನಿಸಿರುತ್ತಾರೆ. “ರಾತ್ರಿ ಡೋಸ್ ವಾರಕ್ಕೆ ಮೂರು ಸಲ ತಪ್ಪುತ್ತದೆ, ರಾತ್ರಿ ಪಾಳಿ” ಎಂದು ಬರೆದರೆ ಚಿಕಿತ್ಸೆಗೆ ದಾರಿಯೂ ಕಾಣುತ್ತದೆ.

ಅಳೆಯಲು ಬರುತ್ತದೆಯೇ ಎಂದಿರಿ. ಬರುತ್ತದೆ. ಟೈಪ್ 2ಕ್ಕೆ ಡಿಎಸ್‌ಎಎಸ್-2 ಎಂಬ 19 ಪ್ರಶ್ನೆಗಳ ಮಾಪನ 2016ರಿಂದ ಇದೆ. ಇತರರು ಬೇರೆಯಾಗಿ ಕಾಣುವುದು, ದೂಷಣೆ, ತನ್ನ ಬಗ್ಗೆ ತನಗೇ ನಾಚಿಕೆ ಎಂಬ ಮೂರು ಭಾಗ. ಟೈಪ್ 1ಕ್ಕೂ ಪ್ರತ್ಯೇಕ ಮಾಪನ ಇದೆ. ನಿಮ್ಮ ಹೊರರೋಗಿ ವಿಭಾಗಕ್ಕೆ ಅದು ಉದ್ದವಾಯಿತು. ಕಳಂಕವನ್ನೇ ಅಳೆಯದಿದ್ದರೂ ಅದರಿಂದಾಗುವ ಬಳಲಿಕೆಯನ್ನು ಹಿಡಿಯುವ ಎರಡು ಪ್ರಶ್ನೆ ಸಾಕು: ಮಧುಮೇಹದ ಜೊತೆಗಿನ ಬದುಕು ಮೈಮೇಲೆ ಬಿದ್ದಂತೆ ಅನ್ನಿಸುತ್ತದೆಯೇ, ಪಥ್ಯ-ಔಷಧಿಯಲ್ಲಿ ಪದೇ ಪದೇ ಸೋಲುತ್ತಿದ್ದೇನೆ ಅನ್ನಿಸುತ್ತದೆಯೇ. ಪ್ರತಿಯೊಂದಕ್ಕೂ 1ರಿಂದ (ತೊಂದರೆಯಿಲ್ಲ) 6ರವರೆಗೆ (ತೀರಾ ತೊಂದರೆ) ಅಂಕ. ಸರಾಸರಿ 3 ಅಥವಾ ಹೆಚ್ಚು ಬಂದರೆ ಬಳಲಿಕೆಯನ್ನೇ ಅಳೆಯುವ 17 ಪ್ರಶ್ನೆಗಳ ಪೂರ್ಣ ಪಟ್ಟಿಯನ್ನು ಕೊಡಿ. ಆ ದಿನ ಹೊಸ ಪಥ್ಯ ಹೇರಬೇಡಿ, ತುರ್ತಿನದನ್ನು ಮಾತ್ರ ಸರಿಪಡಿಸಿ, ಮೂರು ತಿಂಗಳ ಬದಲು ಎರಡು ವಾರಕ್ಕೆ ಬರಹೇಳಿ. ಪುಸ್ತಕ ತರಬೇಕಿಲ್ಲ, ಮೀಟರ್ ತಂದರೆ ಸಾಕು ಎನ್ನಿ.

— ಸಂ.